ಕಲ್ಲನ್ನು ನಾಲಿಗೆಗೆ ತಾಗಿಸುತ್ತಿದ್ದ ಮೇಷ್ಟರು

೧೯೫೬ರ ಜೂನ್‌ನಲ್ಲಿ ಹಂಪಾಪುರದ ಹತ್ತಿರದ ಒಂದು ಹೊಲವನ್ನು ಉಳಬಾರದೆಂದು ಅಮಲ್ದಾರರ ಆದೇಶ ಬಂತು. ಅಲ್ಲಿ ಬಿದ್ದಿದ್ದ ಕಲ್ಲಿನ ಚೂರುಗಳನ್ನು ನೋಡಿ, ಅದು ಶಿಲಾಯುಗದವರು ಆಯುಧ ಮಾಡುತ್ತಿದ್ದ ಜಾಗವೆಂದು ಅರ್ಜಿ ಬರೆದವರು ಹೈಸ್ಕೂಲಿನ ಚರಿತ್ರೆ ಮೇಷ್ಟರು. ಕನ್ನಡಕವನ್ನು ಹಣೆಗೇರಿಸಿ, ಕಲ್ಲನ್ನು ನಾಲಿಗೆಗೆ ತಾಗಿಸಿ, "ನೋಡಿದ ಕೂಡಲೇ ಹೇಳಿಬಿಡ್ತೀನಿ" ಎನ್ನುವುದು ಅವರ ವಾಡಿಕೆ. ಹೇಳಿದ ಮೇಲೆ ಅವರು ಇನ್ನೊಮ್ಮೆ ನೋಡುತ್ತಿರಲಿಲ್ಲ.

ಹೊಲ ಒಬ್ಬ ವಿಧವೆಯದು. ಮಳೆಯಾಗಿ ಮಣ್ಣು ಹದಕ್ಕೆ ಬಂದಿತ್ತು. ಈಗ ಬಿತ್ತದಿದ್ದರೆ ಆಕೆಗೆ ವರ್ಷದ ರಾಗಿ ಇಲ್ಲ. ಪತ್ರಿಕೆಯ ವರದಿಗಾಗಿ ನಾನು ಮೇಷ್ಟರ ಜೊತೆ ಹೋದಾಗ ಆಕೆ ಬದುವಿನ ಮೇಲೆ ಕಾಯುತ್ತಿದ್ದಳು.

"ಮೇಷ್ಟ್ರೇ, ಇವು ನಮ್ಮಪ್ಪ ಚಕಮಕಿ ಕಲ್ಲು ಒಡ್ದು ಬಿಸಾಕಿದ್ ಚೂರು ಕಣ್ರೀ. ಬೀಡಿ ಸೇದೋರ್ಗೆ ಮಾರ್ತಿದ್ದ."

"ನಿನಗೇನಮ್ಮ ಗೊತ್ತು? ಈ ಕೈಚಳಕ ಈಗಿನವರಿಗೆ ಬರೋದಿಲ್ಲ," ಎಂದ ಮೇಷ್ಟರು ನನ್ನತ್ತ ತಿರುಗಿ ಪುಸ್ತಕದ ಚಿತ್ರಗಳನ್ನು ತೋರಿಸತೊಡಗಿದರು.

ಆಕೆ ಕುಕ್ಕರಗಾಲಲ್ಲಿ ಕೂತು, ಬೆಣಚುಕಲ್ಲಿನ ಅಂಚಿಗೆ ಗುಂಡುಕಲ್ಲಿನಿಂದ ಓರೆಯಾಗಿ ಒಂದೇ ಏಟು ಕೊಟ್ಟಳು. ಬ್ಲೇಡಿನಷ್ಟು ಹರಿತವಾದ ಚಕ್ಕೆಯೊಂದು ಎದ್ದು ಮೇಷ್ಟರ ಕಾಲ ಬಳಿ ಬಿತ್ತು. ಅವರು ಪುಸ್ತಕ ಮುಚ್ಚಿ ಬಗ್ಗಿ ಅದನ್ನೆತ್ತಿಕೊಂಡರು.

"ನೋಡಿ, ಕಾಲಿಟ್ಟಲ್ಲೆಲ್ಲ ಸಿಗುತ್ತೆ!"

"ಅಯ್ಯೋ, ಈಗ್ತಾನೆ ನಾನೇ ಒಡ್ದಿದ್ದು ಕಣ್ರೀ!"

ಒಡೆದದ್ದನ್ನು ನಾನೂ ಕಂಡೆನೆಂದು ಹೇಳಿದೆ. ಮೇಷ್ಟರು ಕನ್ನಡಕ ಏರಿಸಿ ಚಕ್ಕೆಯನ್ನು ನಾಲಿಗೆಗೆ ತಾಗಿಸಿದರು.

"ನಾಲ್ಕು ಸಾವಿರ ವರ್ಷ," ಎಂದು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.

ನವೆಂಬರ್‌ನಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಅಧಿಕಾರಿಗಳು ಬಂದು, ಅವು ಚಕಮಕಿ ಚೂರುಗಳೆಂದು ಬರೆದುಕೊಟ್ಟರು. ಆದೇಶ ರದ್ದಾಯಿತು. ಅಷ್ಟರಲ್ಲಿ ಆಕೆ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗಿದ್ದಳು.