ಉರೀತದಾ ನಮ್ಮವ್ವ?

ಜನವರಿ ಹನ್ನೊಂದು, ಭಾನುವಾರ. ಬೆಳಿಗ್ಗೆ ಆರೂಮುಕ್ಕಾಲಿಗೆ ಬರೆಯಲು ಕೂತೆ.

ಸ್ವಲ್ಪ ಮುಂಚೆ ಒಲೆಯ ಮೇಲೆ ಹರಳೆಣ್ಣೆಯಲ್ಲಿ ಜೇನುಮೇಣ ಕರಗುತ್ತಿತ್ತು. ಈ ಸಲದ ಚಳಿಗೆ ನನ್ನ ಹಿಮ್ಮಡಿ ಒಡೆದು, ಹೊದ್ದ ರಗ್ಗಿನ ನೂಲು ಸೀಳಿನೊಳಗೆ ಸಿಕ್ಕಿಕೊಳ್ಳುವಷ್ಟಾಗಿತ್ತು. ಮೆಡಿಕಲ್ ಸ್ಟೋರಿನ ಕ್ರೀಮು ಹಚ್ಚಿ ಹಚ್ಚಿ ಬೇಸತ್ತು, ನಿನ್ನೆ ಹುಣಸೂರಿಗೆ ಹೋದಾಗ ಗ್ರಂಥಿಗೆ ಅಂಗಡಿಯಿಂದ ಮೇಣದ ಉಂಡೆಯೊಂದನ್ನು ತಂದಿದ್ದೆ. ಮೇಣ ಕರಗಿದ ಮೇಲೆ ಚಿಟಿಕೆ ಅರಿಶಿನ ಹಾಕಿದೆ. ಕೆ.ಆರ್. ನಗರದ ಈ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಒಂದು ವಾಸನೆ ಎದ್ದಿತು… ಜೇನುಹಟ್ಟಿಯದು, ಹಸಿ ಎಣ್ಣೆಯದು, ಕೊಂಚ ಸೀದ ಅರಿಶಿನದ್ದು. ಒಲೆ ಆರಿಸಿ ಅಲ್ಲೇ ನಿಂತುಬಿಟ್ಟೆ. ಅದು ದೊಡ್ಡಮ್ಮನ ಜಗುಲಿಯ ವಾಸನೆ.

ಅವರು ನಮಗೆ ನೆಂಟರಲ್ಲ. ನಮ್ಮೂರು ಕಟ್ಟೆಮಳಲವಾಡಿಯಲ್ಲಿ ನಮ್ಮ ಗೋಡೆಗೆ ಗೋಡೆ ಸೇರಿದ ಮನೆ ಅವರದು. ಗಂಡ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮುಂಗಾರಿನಲ್ಲಿ ಎಲ್ಲರ ಹಾಗೆ ಹೊಗೆಸೊಪ್ಪು ಮುರಿಯಲು, ಕಡ್ಡಿಗೆ ಕಟ್ಟಲು ಬರುತ್ತಿದ್ದರು. ಚಳಿ ಹಿಡಿದ ಮೇಲೆ ಮಾತ್ರ ಭಾನುವಾರ ಮಧ್ಯಾಹ್ನ ಅವರ ಜಗುಲಿ ತುಂಬುತ್ತಿತ್ತು. ಬರಿಗಾಲಲ್ಲಿ ಹೊಲಮನೆ ತಿರುಗಿ ಕಾಲು ಒಡೆದುಕೊಂಡ ಹೆಂಗಸರೆಲ್ಲ ಅಲ್ಲಿಗೆ ಬರುತ್ತಿದ್ದರು.

ಉಗುರುಬೆಚ್ಚಗಿನ ನೀರಿಗೆ ಒಂದು ಹಿಡಿ ಕಲ್ಲುಪ್ಪು ಹಾಕಿ ಕಾಲು ನೆನೆಸಲು ಹೇಳುತ್ತಿದ್ದರು. ನೆನೆಯುವ ತನಕ ಊರ ಸುದ್ದಿ. ಆಮೇಲೆ ನಯವಾದ ಹಂಚಿನ ಚೂರಿನಿಂದ ಸತ್ತ ಚರ್ಮವನ್ನು ಮೆಲ್ಲಗೆ ಉಜ್ಜಿ ತೆಗೆಯುತ್ತಿದ್ದರು. ಬ್ಲೇಡು ತಂದವರಿಗೆ ಬೈಗುಳ ಖಾತ್ರಿ. ಬೆರಳ ಸಂದು ಸಹಿತ ಒರೆಸಿ, ಸೀಳಿಗೆ ಬಿಸಿ ಆರಿದ ಮೇಣದೆಣ್ಣೆ ತುಂಬಿ, ಹಳೆಯ ಪಂಚೆಯ ತುಂಡು ಸುತ್ತಿ ಕಳಿಸುತ್ತಿದ್ದರು. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ಸುಮ್ಮನಿರುತ್ತಿರಲಿಲ್ಲ. ಒಮ್ಮೆ ನಮ್ಮ ಚಿಕ್ಕಮ್ಮನ ಹಿಮ್ಮಡಿ ಎತ್ತಿ ಎಲ್ಲರಿಗೂ ತೋರಿಸಿ, "ನೋಡ್ರವ್ವ, ನಮ್ಮೂರ ಕಟ್ಟೆ ಒಡ್ದೋಗದೆ. ನೀರೆಲ್ಲ ಇವ್ಳ ಗಂಡನ ಗದ್ದೆಗೇ ಓಯ್ತಾ ಅದೆ" ಎಂದಿದ್ದರು. ಚಿಕ್ಕಮ್ಮ ನಕ್ಕ ರಭಸಕ್ಕೆ ಬೇಸಿನ್ನಿನ ನೀರು ಚೆಲ್ಲಿತ್ತು.

ಅವರಲ್ಲೊಂದು ರೂಢಿಯಿತ್ತು. ಮಿಕ್ಕ ಹೊತ್ತು ನನ್ನನ್ನು 'ಕೂಸೇ' ಎನ್ನುತ್ತಿದ್ದವರು, ಕಾಲು ಕೈಗೆ ತೆಗೆದುಕೊಂಡ ಕೂಡಲೇ 'ನಮ್ಮವ್ವ' ಎನ್ನಲು ಶುರುಮಾಡುತ್ತಿದ್ದರು. ದೊಡ್ಡವರು ಚಿಕ್ಕವರ ಕಾಲು ಮುಟ್ಟಿದರೆ ಚಿಕ್ಕವರ ಆಯಸ್ಸು ಕಡಿಮೆಯಾಗುತ್ತದೆಂದು ನಮ್ಮ ಕಡೆ ಹೇಳುತ್ತಾರೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಮೊದಲ ಸಲ ನನ್ನ ಕಾಲು ಹಿಡಿದರು. ಅಮ್ಮ ಬೇಡವೆಂದು ತಡೆಯಲು ಹೋದರು. ದೊಡ್ಡಮ್ಮ ತಲೆ ಎತ್ತಲಿಲ್ಲ.

"ನಾನಿಡ್ಕೊಂಡಿರದು ನಮ್ಮವ್ವನ ಕಾಲು ಕಣ. ನಿನ್ ಮಗಳದಲ್ಲ, ಬುಡು."

ಆಮೇಲೆ ಎಣ್ಣೆ ತುಂಬುತ್ತಾ ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ನನಗೂ ಕೇಳಿದರು: "ಉರೀತದಾ ನಮ್ಮವ್ವ?"

ಆ ಪ್ರಶ್ನೆಯೇ ಅವರ ಪರೀಕ್ಷೆ. ಉರಿಯುತ್ತದೆ ಎಂದರೆ ಮಾರನೆಯ ದಿನವೂ ಬರಬೇಕು. ಉರಿ ನಿಂತಿತು ಎಂದರೆ ಸೀಳು ಕೂಡಿತು, ಇನ್ನು ಎಣ್ಣೆ ಬೇಡ, ಓಡಾಡಬಹುದು. ನಮ್ಮ ಓಣಿಯಲ್ಲಿ ಎಷ್ಟೋ ಕಾಲು ಆ ಲೆಕ್ಕದ ಮೇಲೆಯೇ ವಾಸಿಯಾಗಿದ್ದವು…

ನಾನು ಪಿಯುಸಿಗೆ ಸೇರಿದ ವರ್ಷ ಅವರ ಬಲಗಾಲಿನ ಹಿಮ್ಮಡಿಯೂ ಒಡೆಯಿತು. ಸಕ್ಕರೆ ಕಾಯಿಲೆ ಇದೆಯೆಂದು ಆ ಮೊದಲೇ ಗೊತ್ತಾಗಿತ್ತು. ಮಾತ್ರೆಯನ್ನು ನೆನಪಾದಾಗ ನುಂಗುತ್ತಿದ್ದರು. ಊರಿಗೆಲ್ಲ ಹಚ್ಚುವ ಎಣ್ಣೆಯನ್ನೇ ತಮಗೂ ಹಚ್ಚಿಕೊಂಡರು. ಅಮ್ಮ ವಿಚಾರಿಸಿದಾಗ ಖುಷಿಯಿಂದಲೇ, ಈ ಸಲ ಎಣ್ಣೆ ಬೇಗ ಹಿಡಿಯಿತು, ಒಂದು ಚೂರೂ ಉರಿಯಲಿಲ್ಲ ಎಂದರಂತೆ. ಯಾರೂ ಎರಡನೇ ಮಾತಾಡಲಿಲ್ಲ. ಉರಿಯದಿದ್ದರೆ ವಾಸಿ ಎನ್ನುವುದು ಎಲ್ಲರಿಗೂ ಅವರೇ ಕಲಿಸಿದ ಪಾಠ. ಅವರು ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಎಸೆದು, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಅಂಗಳಕ್ಕೆ ಬರಿಗಾಲಲ್ಲಿ ಬಂದು, ಸೊಪ್ಪು ವಿಂಗಡಿಸುವವರ ಜೊತೆ ದಿನವಿಡೀ ಕೂತರು. ಸೀಳಿನೊಳಗೆ ಕಡ್ಡಿಯ ಚೂರು ಹೋಗಿ ಕೂತಿದ್ದು ಅವರಿಗೆ ತಿಳಿಯಲೇ ಇಲ್ಲ.

ಜಗುಲಿಯ ಕೆಂಪು ನೆಲದ ಮೇಲೆ ಕರೆ ಕಾಣಿಸಿದಾಗ ಎಲೆಅಡಿಕೆ ಉಗುಳೆಂದುಕೊಂಡೆವು. ಆಮೇಲೆ ಪಾದ ಕಪ್ಪಾಯಿತು, ವಾಸನೆ ಬಂತು. ಅಪ್ಪ ಅಮ್ಮ ಸೇರಿ ಅವರನ್ನು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ನಡೆದದ್ದನ್ನು ಅಮ್ಮ ಬಹಳ ದಿನ ಯಾರಿಗೂ ಹೇಳಿರಲಿಲ್ಲ. ಡಾಕ್ಟರು ದೊಡ್ಡಮ್ಮನ ಮುಖ ಗೋಡೆಯ ಕಡೆ ತಿರುಗಿಸಿ, ಪಾದಕ್ಕೆ ಅಲ್ಲಲ್ಲಿ ಪಿನ್ನು ಚುಚ್ಚಿ, ಚುಚ್ಚಿದ್ದು ಗೊತ್ತಾದರೆ ಹೇಳಬೇಕು ಎಂದಿದ್ದರು. ಅವರು ತುಟಿ ಕಚ್ಚಿಕೊಂಡು ಕಾದರು. ಕಾದು ಕಾದು, "ಯಾವಾಗ ಚುಚ್ಚೀರಪ್ಪಾ? ಬೇಗ ಚುಚ್ಬುಡಿ, ಎದ್ರಿಕೆ ಆಯ್ತದೆ" ಎಂದರಂತೆ. ಅಷ್ಟು ಹೊತ್ತಿಗೆ ಡಾಕ್ಟರು ಪಿನ್ನು ಎತ್ತಿಟ್ಟಾಗಿತ್ತು.

ಮೊಣಕಾಲಿನ ಕೆಳಗೆ ತೆಗೆದರು.

ಊರಿಗೆ ಬಂದ ಮೇಲೆ ಹೆಂಗಸರು ನೋಡಲು ಬರುತ್ತಿದ್ದರು, ಹಣ್ಣು ಇಟ್ಟು ಹೋಗುತ್ತಿದ್ದರು. ಕಾಲು ತೋರಿಸಲು ಯಾರೂ ಬರಲಿಲ್ಲ. ಉಳಿದ ಎಡಗಾಲನ್ನು ದಿನವೂ ಬೆಳಕಿನಲ್ಲಿ ತಿರುಗಿಸಿ ನೋಡಬೇಕು, ಒಣಗಲು ಬಿಡಬಾರದು, ಬೆರಳ ಸಂದಿಗೆ ಮಾತ್ರ ಎಣ್ಣೆ ಬೇಡ, ಮನೆಯೊಳಗೂ ಚಪ್ಪಲಿ ಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಅವರಿಗೆ ಬಗ್ಗಿ ನೋಡಿಕೊಳ್ಳಲು ಆಗುತ್ತಿರಲಿಲ್ಲ. ಹಾಗಾಗಿ ಕಾಲೇಜಿನಿಂದ ಬಂದ ಮೇಲೆ ನಾನು ನೋಡುತ್ತಿದ್ದೆ. ನೀರಿಗೆ ಮೊದಲು ನನ್ನ ಮೊಣಕೈ ಅದ್ದಿ ಬಿಸಿ ನೋಡಿ, ಕಾಲು ತೊಳೆದು, ಒರೆಸಿ, ಎಣ್ಣೆ ಹಚ್ಚುತ್ತಿದ್ದೆ. ಆ ಹಿಮ್ಮಡಿಯಲ್ಲೂ ಸಣ್ಣ ಗೆರೆಗಳಿದ್ದವು. ಒಂದು ಸಂಜೆ ಬಾಯಿ ತಪ್ಪಿ, ಉರಿಯುತ್ತದಾ ಎಂದು ಕೇಳಿಬಿಟ್ಟೆ. ಅವರು ತಮ್ಮ ಕಾಲನ್ನೇ ನೋಡಿದರು.

"ಊಂ ಅನ್ಬೇಕು ಅಂತ ಆಸೆ ಕಣ ಕೂಸೇ…"

ಬೇಸಿಗೆಯಲ್ಲಿ ಅವರ ತಮ್ಮ ಬಂದು ಹ್ಯಾಂಡ್‌ಪೋಸ್ಟ್ ಎಂಬ ಊರಿನ ಹತ್ತಿರದ ತಮ್ಮೂರಿಗೆ ಕರೆದುಕೊಂಡು ಹೋದರು. ಆಟೋದಲ್ಲಿ ಕೂರಿಸುವಾಗ ಎಡಗಾಲಿಗೆ ಚಪ್ಪಲಿ ತೊಡಿಸಿದ್ದು ನಾನು. ಮೊದಮೊದಲು ಫೋನು ಬರುತ್ತಿತ್ತು, ಕಾಲು ಹೇಗಿದೆ ಎಂದರೆ ಅದೆ ಬುಡು ಎನ್ನುತ್ತಿದ್ದರು. ಆಮೇಲೆ ಅದೂ ನಿಂತಿತು. ಒಂದು ವರ್ಷದ ಮೇಲೆ ಬಿತ್ತನೆ ಶುಂಠಿ ತರಲು ಆ ಕಡೆ ಹೋಗಿದ್ದ ಅಪ್ಪನಿಗೆ, ದೊಡ್ಡಮ್ಮ ತೀರಿಕೊಂಡು ತಿಥಿಯೂ ಮುಗಿಯಿತೆಂದು ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹೇಳಿದರು. ಹೇಗೆ ತೀರಿಕೊಂಡರೆಂದು ಹೇಳಿದವರಿಗೂ ಗೊತ್ತಿರಲಿಲ್ಲ. ತಮ್ಮನ ಸಂಸಾರ ಅಷ್ಟರಲ್ಲಿ ಶುಂಠಿ ಕೆಲಸಕ್ಕೆಂದು ಕೇರಳದ ಕಡೆ ಹೋಗಿತ್ತು.

ತಾರೀಖು ಹಾಕಿ ಬರೆದಿಡುವ ಅಭ್ಯಾಸ ನನ್ನದು. ಅವರು ಹೊರಟ ದಿನ ಬರೆದಿದೆ. ತೀರಿಕೊಂಡ ದಿನ ನನ್ನ ಬಳಿ ಇಲ್ಲ… ಎಣ್ಣೆ ಈಗ ಹೆಪ್ಪುಗಟ್ಟಿದೆ, ಹೊರಗೆ ಬಿಸಿಲು ಬಂದಿದೆ.

ಹ್ಯಾಂಡ್‌ಪೋಸ್ಟ್ ಕಡೆಯವರು ಯಾರಾದರೂ ಇದನ್ನು ಓದಿದರೆ, ಬಲಗಾಲಿಲ್ಲದ, ಮಾತಿನಲ್ಲಿ ಎಲ್ಲರನ್ನೂ ನಗಿಸುತ್ತಿದ್ದ ಆ ಮುದುಕಿಯನ್ನು ನೀವು ಬಲ್ಲವರಾದರೆ, ಇದು ಅಚ್ಚಾಗುವ ಪತ್ರಿಕೆಯ ವಿಳಾಸಕ್ಕೆ ನಾಲ್ಕು ಸಾಲು ಬರೆಯಿರಿ. ಯಾವ ದಿನ, ಯಾವ ಕಾಯಿಲೆ ಎಂಬುದು ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಉಳಿದಿದ್ದ ಆ ಒಂದು ಕಾಲನ್ನು ದಿನವೂ ಬೆಳಕಿಗೆ ಹಿಡಿದು ನೋಡುವವರು ಅಲ್ಲಿ ಯಾರಾದರೂ ಇದ್ದರೇ? ಅಷ್ಟು ತಿಳಿಸಿದರೆ ಸಾಕು.