ಪಿಪೆಟ್ಟಿನ ತುದಿಯ ಕೊಸರು

ನಮ್ಮವ್ವ ತಾವರಗೇರಾದಲ್ಲಿ ಜೋಳ ಅಳೆಯುವವಳು. ಎಪ್ಪತ್ತರ ದಶಕದಲ್ಲಿ ಸುಗ್ಗಿ ಬಂತೆಂದರೆ ಸುತ್ತಲಿನ ಕಣಗಳಿಂದ ಅವಳಿಗೆ ಕರೆ ಬರುತ್ತಿತ್ತು. ಅಣ್ಣತಮ್ಮಂದಿರು ರಾಶಿ ಹಂಚಿಕೊಳ್ಳುವಾಗ ಗಂಡಸರು ಅಳೆದರೆ ಜಗಳ, ಅವ್ವ ಅಳೆದರೆ ಯಾರದೂ ಮಾತಿಲ್ಲ. ತವರೂರು ಅಳವಂಡಿಗೆ ಹೋದಾಗಲೂ ಅವಳನ್ನು ಸುಮ್ಮನೆ ಕೂಡಗೊಡುತ್ತಿರಲಿಲ್ಲ. ಇದನ್ನು ಹೇಳುವಾಗ ಈಗಲೂ ನನ್ನ ಎದೆ ಉಬ್ಬುತ್ತದೆ. ಜಂಬ ಅಂದರೆ ಅನ್ನಿ, ನನಗೇನೂ ಬೇಸರವಿಲ್ಲ.

ಸೇರಿನಲ್ಲಿ ಅಳೆಯುವಾಗ ಮೊದಲನೆಯದಕ್ಕೆ ಅವಳು ಒಂದು ಅನ್ನುತ್ತಿರಲಿಲ್ಲ, ಲಾಭ ಅನ್ನುತ್ತಿದ್ದಳು. ಆಮೇಲೆ ಎರಡು, ಮೂರು. ಎಲ್ಲ ಮುಗಿದ ಮೇಲೆ, ಅಳತೆಗಿಂತ ಹೆಚ್ಚಾಗಿ ಒಂದು ಬೊಗಸೆ ಕೊಸರು. ಕೊಸರು ಹಾಕದೆ ಎದ್ದರೆ ನಮ್ಮ ಕಡೆ ಕೈ ಬಿಗಿ ಎಂಬ ಹೆಸರು ಬರುತ್ತದೆ. ಸೇರಿನ ತಳಕ್ಕೆ ನಾಲ್ಕು ಕಾಳು ಅಂಟಿದ್ದರೂ ಬುಡ ತಟ್ಟಿ ಕೆಡವಬೇಕು. ಯಾರಾದರೂ ನಮ್ಮ ಎಮ್ಮೆಯ ಹಾಲು ಕೊಳ್ಳಲು ಬಂದರೆ ಅಳೆದು ಹಾಕುವವಳು ನಾನು. ಅಳತೆಯ ಲೋಟದಲ್ಲಿ ಒಂದು ಹನಿ ಉಳಿಸಿದರೂ ಅವ್ವ ಕಣ್ಣು ಕೆಂಪಗೆ ಮಾಡುತ್ತಿದ್ದಳು.

ಕೊಪ್ಪಳದಲ್ಲಿ ಓದು ಮುಗಿಸಿ, ಎಂಬತ್ತರ ದಶಕದ ಕೊನೆಯಲ್ಲಿ ದಕ್ಷಿಣದ ಊರೊಂದರ ಪ್ರಯೋಗಾಲಯ ಸೇರಿದೆ. ನಮ್ಮ ಓಣಿಯಿಂದ ಅಷ್ಟು ಓದಿದ ಮೊದಲ ಹೆಣ್ಣು ನಾನೇ. ಅಲ್ಲಿಯ ಕೆಲಸ ಹೀಗೆ: ಜೀವಕೋಶದ ಹೊರಪೊರೆಯ ಮೇಲೆ ಕೆಲವು ಪ್ರೋಟೀನುಗಳು ನಿಂತಿರುತ್ತವೆ. ಅವು ತೇಲಿ ಹೋಗದಂತೆ ಸಕ್ಕರೆ ಮತ್ತು ಕೊಬ್ಬಿನಿಂದಾದ ಒಂದು ಕಟ್ಟು ಅವನ್ನು ಪೊರೆಗೆ ಹಿಡಿದಿಡುತ್ತದೆ. ಓದಿದವರು ಅದನ್ನು ಲಂಗರು ಅನ್ನುತ್ತಾರೆ. ಕುಷ್ಟಗಿ ತಾಲ್ಲೂಕಿನವಳಿಗೆ ಹಡಗೆಲ್ಲಿ, ಲಂಗರೆಲ್ಲಿ? ಎಮ್ಮೆ ಕಟ್ಟುವ ಗೂಟ ಎಂದೇ ನಾನು ತಿಳಿದುಕೊಂಡೆ. ಈ ಗೂಟವನ್ನು ಕಿಣ್ವಗಳು ಒಂದೊಂದೇ ತುಂಡು ಜೋಡಿಸಿ ಮಾಡುತ್ತವೆ. ಕೆಲವು ರಾಸಾಯನಿಕಗಳು ಸೇರಿದರೆ ಆ ಕಿಣ್ವಗಳ ಕೆಲಸ ನಿಧಾನವಾಗುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ದನಗಳಿಗೆ ಜ್ವರ ತರುವ ಒಂದು ಸೂಕ್ಷ್ಮಜೀವಿಯ ಮೈಹೊದಿಕೆ ನಿಂತಿರುವುದು ಇಂಥ ಗೂಟಗಳ ಮೇಲೆ. ಗೂಟ ತಯಾರಾಗದಂತೆ ಮಾಡಿದರೆ ಮದ್ದಿಗೆ ದಾರಿ ಸಿಕ್ಕೀತು ಎಂಬುದು ನಮ್ಮ ಪ್ರಾಧ್ಯಾಪಕರ ಆಸೆ.

ನನಗೆ ಕೊಟ್ಟ ರಾಸಾಯನಿಕ ನನ್ನ ಕೈಯಲ್ಲಿ ಭರ್ಜರಿ ಕೆಲಸ ಮಾಡಿತು. ಹಾಕಿದರೆ ಸಾಕು, ಗೂಟದ ಕೆಲಸ ಹೆಚ್ಚುಕಡಿಮೆ ಬಂದ್. ಪಕ್ಕದ ಮೇಜಿನ ಹಿರಿಯ ವಿದ್ಯಾರ್ಥಿ ಅದನ್ನೇ ಮಾಡಿದರೆ ಅರ್ಧ ಮಾತ್ರ ನಿಲ್ಲುತ್ತಿತ್ತು. ಎಲ್ಲೋ ತಪ್ಪಿದೆ, ಇನ್ನೊಮ್ಮೆ ನೋಡೋಣ ಎಂದು ಅವರು ಮೆಲ್ಲಗೆ ಹೇಳಿದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಕೈ ನೆಟ್ಟಗಿಲ್ಲದವರು ಅಳತೆಯ ಮಾತಾಡಬಾರದು ಎಂದು ಅವರ ಮುಖಕ್ಕೇ ಅಂದುಬಿಟ್ಟೆ. ಪ್ರಾಧ್ಯಾಪಕರು ನನ್ನ ಕೈಗುಣ ಮೆಚ್ಚಿ, ನನ್ನ ಹೆಸರನ್ನು ಮೊದಲು ಹಾಕಿ ಲೇಖನ ಸಿದ್ಧಪಡಿಸಿದರು. ನಾನು ರಜೆಯಿಂದ ಬಂದ ಮೇಲೆ ಕಳಿಸುವುದೆಂದಾಯಿತು.

ರಜೆಗೆ ಊರಿಗೆ ಬಂದಾಗ ಸುಗ್ಗಿ. ಅವ್ವನ ಜೊತೆ ಕಣಕ್ಕೆ ಹೋಗಿ ಕೂತೆ. ಅವಳು ಸೇರು ಬೋರಲು ಹಾಕಿ ಬುಡ ತಟ್ಟಿದಳು, ಟಪ್ ಟಪ್. ನಮ್ಮ ಪ್ರಯೋಗಾಲಯದ ಪಿಪೆಟ್ಟು, ದ್ರವ ಅಳೆಯುವ ಸಣ್ಣ ಗಾಜಿನ ಕೊಳವೆ, ನೆನಪಾಯಿತು. ಅದರ ತುದಿಯಲ್ಲಿ ಉಳಿಯುವ ಕೊನೆಯ ಹನಿಯನ್ನು ಬಿಡಬೇಕು, ಅದನ್ನು ಲೆಕ್ಕಕ್ಕೆ ಹಿಡಿಯದೆಯೇ ಅಳತೆಯ ಗೆರೆ ಹಾಕಿರುತ್ತಾರೆ. ಮೊದಲ ದಿನವೇ ಹೇಳಿಕೊಟ್ಟಿದ್ದರು, ನಾನೂ ತಲೆ ಆಡಿಸಿದ್ದೆ. ತಲೆ ಕೇಳಿತ್ತು, ಕೈ ಕೇಳಿರಲಿಲ್ಲ. ರಾಸಾಯನಿಕ ಹಾಕುವಾಗ ಪ್ರತಿ ಸಲವೂ ಆ ಹನಿಯನ್ನು ಊದಿ ಕೆಡವುತ್ತಿದ್ದೆ. ಅಷ್ಟು ಸಣ್ಣ ಅಳತೆಯಲ್ಲಿ ಒಂದು ಹನಿ ಅಂದರೆ ಸೇರಿಗೆ ಪಾವು ಹೆಚ್ಚು ಹಾಕಿದಂತೆ.

ಮನೆಗೆ ಬರುವ ದಾರಿಯಲ್ಲಿ ಅವ್ವನಿಗೆ ಎಲ್ಲ ಹೇಳಿದೆ. ಗೂಟದ ಕಥೆಯನ್ನೂ ಹೇಳಿದೆ, ಅದು ಅವಳಿಗೆ ಥಟ್ಟನೆ ತಿಳಿಯಿತು. ಇದೆಲ್ಲ ನೀನು ಕಲಿಸಿದ ಕೊಸರಿನಿಂದಲೇ ಆದದ್ದು ಎಂದು ಅವಳ ಮೇಲೇ ಹಾಯ್ದೆ. ಅವಳು ತಲೆಯ ಮೇಲಿನ ಸೇರು ಇಳಿಸಿ ನಿಂತಳು.

“ಕೊಸರು ಹಾಕೂದು ತಪ್ಪಲ್ಲಬೇ. ಹಾಕೀನಿ ಅಂತ ನಾಲ್ಕು ಮಂದಿಗೆ ಹೇಳಿ ಹಾಕಬೇಕು. ಹೇಳಲಾರದ ಹಾಕಿದ್ರ ಅಳತಿನ ಸುಳ್ಳಾಗತೈತಿ.”

ನಿಜವೇ. ಅವ್ವ ಬೊಗಸೆ ಎತ್ತಿ, ಇದು ಕೊಸರು ನೋಡ್ರಿ ಎಂದು ಎಲ್ಲರಿಗೂ ತೋರಿಸಿಯೇ ಹಾಕುತ್ತಿದ್ದಳು. ಅಷ್ಟು ವರ್ಷ ನೋಡಿದ್ದ ನಾನು ಕೈ ಕಲಿತಿದ್ದೆ, ಬಾಯಿ ಕಲಿತಿರಲಿಲ್ಲ. ಪ್ರಾಧ್ಯಾಪಕರಿಗೆ ಹೇಳಿದರೆ ಲೇಖನ ಕೈತಪ್ಪುತ್ತದೆ, ನನ್ನನ್ನೂ ಮನೆಗೆ ಕಳಿಸಬಹುದು ಎಂದೆ. ಹೇಳುವಾಗ ಅಳು ಬಂತು.

“ಕಳಿಸಿದ್ರ ಬಾ,” ಎಂದಳು. “ಸೇರು ಐತಿ, ಕಣ ಅದಾವ.”

ರಜೆ ಮುಗಿಯುವ ಮೊದಲೇ ಕೊಪ್ಪಳಕ್ಕೆ ಬಂದು ರೈಲು ಹತ್ತಿದೆ. ಪ್ರಾಧ್ಯಾಪಕರ ಮುಂದೆ ನಿಂತು, ಆ ಹಿರಿಯ ವಿದ್ಯಾರ್ಥಿಯನ್ನೂ ಕರೆದು, ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡೆ. ಪ್ರಾಧ್ಯಾಪಕರು ಲೇಖನವನ್ನು ಮೇಜಿನ ಡ್ರಾದಲ್ಲಿಟ್ಟು, ಎಲ್ಲವನ್ನೂ ಮೊದಲಿನಿಂದ ಮಾಡಲು ಹೇಳಿದರು. ಆ ಹಿರಿಯ ವಿದ್ಯಾರ್ಥಿ ಒಂದು ಕೊಂಕು ಮಾತನ್ನೂ ಆಡಲಿಲ್ಲ. ನನ್ನ ಪಕ್ಕ ಕೂತು, ನಾನು ಊದದಂತೆ ಕಾವಲು ಕಾದರು. ಹನಿ ಬಿಟ್ಟಾಗ ಗೂಟದ ಕೆಲಸ ಅರ್ಧ ನಿಂತಿತು. ಬೇಕೆಂದೇ ಹನಿ ಸೇರಿಸಿ, ಸೇರಿಸಿದೆ ಎಂದು ಬರೆದಿಟ್ಟಾಗ ಹೆಚ್ಚುಕಡಿಮೆ ಪೂರ್ತಿ ನಿಂತಿತು. ಅಷ್ಟು ಸಣ್ಣ ಹೆಚ್ಚಳಕ್ಕೆ ಇಷ್ಟು ಬದಲಾವಣೆ ಎಂಬುದೇ ಹೊಸ ಲೇಖನದ ವಿಷಯವಾಯಿತು. ಹೆಸರುಗಳಲ್ಲಿ ಆ ಹಿರಿಯ ವಿದ್ಯಾರ್ಥಿಯದು ಮೊದಲು, ನನ್ನದು ಎರಡನೆಯದು. ನಾನೇ ಹಾಗೆ ಹಾಕಿಸಿದ್ದು.

ಅಚ್ಚಾದ ಹಾಳೆ ಹಿಡಿದು ಊರಿಗೆ ಹೋದೆ. ಅವ್ವನಿಗೆ ಓದು ಬಾರದು. ನನ್ನ ಹೆಸರು ಎಲ್ಲಿದೆ ಎಂದು ತೋರಿಸಿದೆ. ಅವಳು ಮೊದಲ ಹೆಸರಿನ ಮೇಲೆ ಬೆರಳಿಟ್ಟು ಲಾಭ ಎಂದಳು, ನನ್ನದರ ಮೇಲೆ ಇಟ್ಟು ಎರಡು ಎಂದಳು. ಆಮೇಲೆ ಇದರಲ್ಲಿ ಕೊಸರು ಇದೆಯೇನು ಎಂದು ಕೇಳಿದಳು. ಇದೆ, ಹಾಕಿದ್ದೇನೆ ಎಂದು ಬರೆದೇ ಹಾಕಿದ್ದೇನೆ ಎಂದೆ.

ಅವ್ವ ಆ ಹಾಳೆಯನ್ನು ಮಡಚಿ ಸೇರಿನೊಳಗೆ ಇಟ್ಟುಕೊಂಡು ಕಣಕ್ಕೆ ಹೊರಟಳು. ಅಲ್ಲಿ ಕೂತ ಗಂಡಸರು ಏನದು ಎಂದು ಕೇಳಿದ್ದಕ್ಕೆ ಸೆರಗು ಸರಿಮಾಡಿಕೊಂಡು ಹೇಳಿದಳು:

“ನನ್ನ ಮಗಳ ಅಳತಿ ಐತ್ರಿ.”