ಅಂಗನವಾಡಿಯಮ್ಮನ ಕೈತೋಟ

ಕಾರ್ತಿಕದ ಒಂದು ಗುರುವಾರ, ಬೆಳಿಗ್ಗೆ ಏಳು ಗಂಟೆ. ಗುಂಡ್ಲುಪೇಟೆ ರಸ್ತೆಯ ಪಕ್ಕದ ನಮ್ಮ ಶಾಲೆಯ ಅಂಗಳದಲ್ಲಿದ್ದವರು ಇಬ್ಬರೇ: ಮುಖ್ಯೋಪಾಧ್ಯಾಯನಾಗಿದ್ದ ನಾನು, ಅದೇ ಕಾಂಪೌಂಡಿನ ಅಂಗನವಾಡಿಯ ಅಮ್ಮ. ಸೊಪ್ಪು ಚಿವುಟಿ ಚಿವುಟಿ ಅಮ್ಮನ ಹೆಬ್ಬೆರಳಿನ ಉಗುರು ಹಸಿರುಗಪ್ಪಾಗಿತ್ತು. ಹುಣಸೆಹಣ್ಣು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಆ ದಿನ ಅವರು ಚಿವುಟಲು ಬಂದಿರಲಿಲ್ಲ. ತಾವೇ ಬೆಳೆಸಿದ ತೋಟವನ್ನು ಬೇರುಸಮೇತ ಕೀಳಲು ಬಂದಿದ್ದರು.

"ಮಕ್ಳು ಬರಕ್ ಮುಂಚೆ ಮುಗಿಸ್ಬುಡನ ಸಾ," ಎಂದರು. "ನೆಟ್ಟ ಕೈಲೇ ಅವು ಕೀಳದು ಬ್ಯಾಡ."

ಅಮ್ಮ ಬರುವ ಮೊದಲು ಅಲ್ಲಿ ಕಸ ಸುಡುತ್ತಿದ್ದೆವು. ಅವರು ದಂಟು, ಸೌತೆ, ಟೊಮೇಟೊ ಹಾಕಿಸಿ, ಬೇಲಿಗೆ ಅವರೆ ಹಬ್ಬಿಸಿದರು. ಮಗುವಿಗೊಂದು ಗಿಡ. ಮೊದಲ ಕಾಯನ್ನು ಆ ಮಗುವೇ ಕಿತ್ತು, ಲಂಗಕ್ಕೋ ಚಡ್ಡಿಗೋ ಒರೆಸಿ, ಅಲ್ಲೇ ಕಚ್ಚಬೇಕು, ಉಳಿದದ್ದು ಸಾರಿಗೆ. ಅಂಗಡಿಯ ಕುರುಕಲು ಪೊಟ್ಟಣ ಹಿಡಿದು ಬಂದವನಿಗೆ, "ಅದ್ರೊಳಗಿರದು ಬರೀ ಗಾಳಿ ಕಣ್ಲಾ, ತಿಂದು ಬಲೂನ್ ಆಯ್ತೀಯ" ಎನ್ನುವರು. ವೇಳಾಪಟ್ಟಿಯಲ್ಲೇ ಬದುಕಿದ ನನ್ನನ್ನೂ ಬಿಡಲಿಲ್ಲ: "ನಿಮ್ ಬೆಲ್ಲು ಹೊಡುದ್ರೆ ಮಕ್ಳು ಬತ್ತವೆ ಸಾ, ಹಸಿವು ಬರಕಿಲ್ಲ." ಸೊಪ್ಪಿನ ಸಾರು ಕಂಡರೆ ತಟ್ಟೆ ತಳ್ಳುತ್ತಿದ್ದ ಮಕ್ಕಳು, "ಇವತ್ತಿಂದು ನನ್ ದಂಟು ಕಣ್ಲಾ" ಎಂದು ಜಗಳವಾಡಿ ಉಣ್ಣತೊಡಗಿದ್ದರು.

ಆ ಗುರುವಾರಕ್ಕೆ ಹಿಂದಿನ ಭಾನುವಾರ ಎರಡನೇ ತರಗತಿಯ ಹುಡುಗಿಯೊಬ್ಬಳು ತಾಯಿಯ ಹಿಂದೆ ಕೂಲಿಗೆ ಹೋಗಿದ್ದಳು. ಅಂಗನವಾಡಿಯಲ್ಲಿ ನಮ್ಮ ಅಮ್ಮನ ಕೈಯಲ್ಲೇ ಬೆಳೆದವಳು. ನಮ್ಮ ಕಡೆಯ ಹೊಲದವರು ಮನೆಯ ಅಡುಗೆಗೆಂದು ಒಂದು ಸಾಲನ್ನು ಹುಳದ ಔಷಧಿ ಹೊಡೆಯದೆ ಬಿಟ್ಟಿರುತ್ತಾರೆ. ಹೊಲದವರ ಮಕ್ಕಳಿಗೆ ಆ ಸಾಲು ಗೊತ್ತು. ತುಂಡು ನೆಲವೂ ಇಲ್ಲದ ಮನೆಯ ಈ ಹುಡುಗಿಗೆ ಗೊತ್ತಿರಲಿಲ್ಲ. ಮಾರ್ಕೆಟ್ಟಿಗೆಂದು ಬೆಳೆದ ಟೊಮೇಟೊ ಸಾಲಿಗೆ ಕೈ ಹಾಕಿದಳು. ಹಣ್ಣಿನ ಮೇಲೆ ಔಷಧಿ ಇನ್ನೂ ಆರಿರಲಿಲ್ಲ. ಮಡಿಲು ತುಂಬ ಕಿತ್ತು, ಲಂಗಕ್ಕೆ ಒರೆಸಿ ಒರೆಸಿ ತಿಂದಳು. ಗುಂಡ್ಲುಪೇಟೆಯಲ್ಲಿ ಆಗದೆಂದು ಚಾಮರಾಜನಗರದ ಆಸ್ಪತ್ರೆಗೆ ಒಯ್ದರು. ಸಂಜೆಗೆ ಮುಗಿಯಿತು.

ಮಣ್ಣು ಮಾಡುವಾಗ ತಾಯಿ ಎಲ್ಲರೆದುರು ಅಮ್ಮನ ಸೆರಗು ಹಿಡಿದಳು: "ಗಿಡದಿಂದ ಕಿತ್ತು ತಿನ್ನು ಅಂತ ಕಲ್ಸಿದ್ದು ನೀನೇ ಕಣವ್ವಾ!"

ಅಮ್ಮ ಸೆರಗು ಬಿಡಿಸಿಕೊಳ್ಳಲಿಲ್ಲ.

ಮರುದಿನ ಊರಿನವರು ಬಂದು ಶಾಲೆಯ ತೋಟ ತೆಗೆಸಿ ಎಂದರು. ಔಷಧಿ ಹೊಡೆದ ಹೊಲದವರನ್ನು ಕೇಳಲು ಯಾರೂ ಹೋಗಲಿಲ್ಲ. ಅಲ್ಲಿ ಕೂಲಿ ಇತ್ತು. ನಮ್ಮ ಗಿಡಕ್ಕೆ ವಿಷ ಹಾಕಿಲ್ಲವೆಂದು ನಾನು ವಾದಿಸಿದೆ. ಅಮ್ಮನೇ ತಡೆದರು: "ಬುಡಿ ಸಾ. ಎಲ್ಲಾ ಗಿಡನೂ ನಮ್ ಗಿಡ ಅಲ್ಲ ಅಂತ ಮಕ್ಳಿಗೆ ಒಂದ್ ಮಾತು ನಾ ಏಳ್ನಿಲ್ಲ."

ಅಮ್ಮ ಮತ್ತೆ ತೋಟ ಮಾಡಲಿಲ್ಲ. ಕೆಲಸ ಮುಗಿದ ಮೇಲೆ ಸಂತೆಮರಹಳ್ಳಿಯ ಮಗಳ ಮನೆಯಲ್ಲಿದ್ದು, ಅಲ್ಲೇ ತೀರಿಕೊಂಡರು. ನನ್ನ ಮೊಮ್ಮಗಳು ಯಾವ ಗಿಡಕ್ಕೆ ಕೈ ಹಾಕುವ ಮೊದಲೂ "ತಾತ, ಇದು ನಮ್ದಾ?" ಎಂದು ಕೇಳುತ್ತಾಳೆ, ಹೌದೆಂದರೆ ಆಸೆಯಿಂದ ತಿನ್ನುತ್ತಾಳೆ. ಆ ಎರಡೂ ಅಮ್ಮನಿಂದ ನಾನು ಕಲಿತು ಅವಳಿಗೆ ಹೇಳಿಕೊಟ್ಟ ಪಾಠ.

ಆ ಗುರುವಾರ ಗಂಟೆ ಹೊಡೆಯುವ ಮೊದಲೇ ನೆಲ ಬರಿದಾಯಿತು. ಕಿತ್ತ ದಂಟನ್ನು ಎಸೆಯಲು ಮನಸ್ಸಾಗದೆ ಅಮ್ಮ ಮಧ್ಯಾಹ್ನಕ್ಕೆ ಸಾರು ಮಾಡಿದರು. ಸತ್ತ ಹುಡುಗಿಯ ತಂಗಿ ಅಂಗನವಾಡಿಯ ಸಾಲಿನಲ್ಲಿ ಬಾಯಿ ಬಿಗಿದು ಕೂತಿತ್ತು.

"ಉಣ್ಣು ಕಣಮ್ಮಿ."

"ಅಕ್ಕ ಗಿಡದ್ದು ತಿಂದು ಸತ್ತೋಯ್ತು."

ಅಮ್ಮ ಅದೇ ತಟ್ಟೆಯಿಂದ ಒಂದು ತುತ್ತು ತಿಂದರು. "ನೋಡು, ನಾ ತಿಂದೆ. ಏನಾಯ್ತು?"

ಮಗು ಅವರ ಮುಖವನ್ನೇ ನೋಡಿತು. "ಸಂಜೀಕೆ ನೀನೂ ಸತ್ತೋಯ್ತೀಯ."

ಉಳಿದ ಮಕ್ಕಳೂ ತಟ್ಟೆ ಸರಿಸಿದರು. ನನ್ನ ಪಾಲನ್ನು ನಾನು ಉಂಡೆ. ಉಳಿದ ಸಾರು ದನಗಳ ಕಲಗಚ್ಚಿಗೆ ಹೋಯಿತು.

ಸಂಜೆ, ದೀಪ ಹಚ್ಚುವ ಹೊತ್ತಿಗೆ ಅಮ್ಮ ಆ ಮಗುವಿನ ಮನೆಗೆ ಹೊರಟರು. ನಾನೂ ಜೊತೆಗೆ ಹೋದೆ. ಬಾಗಿಲಲ್ಲಿದ್ದ ತಾಯಿ ಬನ್ನಿ ಎನ್ನಲಿಲ್ಲ. ಅವಳ ಹಿಂದಿನಿಂದ ಮಗು ಇಣುಕಿತು. ಮಗುವಿಗೆ ಕಾಣುವಂತೆ ಅಮ್ಮ ಸ್ವಲ್ಪ ಹೊತ್ತು ಬಾಗಿಲ ದೀಪದ ಬೆಳಕಿನಲ್ಲಿ ನಿಂತರು, ಆಮೇಲೆ ತಮ್ಮ ಮನೆಯ ದಾರಿ ಹಿಡಿದರು.